ಹಾರಲಾರದ ಹದ್ದಿಗೆ ಸಲ್ಲುವ ದಯೆ

ಗಾಯಗೊಂಡ ಕಾಡುಹಕ್ಕಿ ಕೈಗೆ ಸಿಕ್ಕಾಗ ಅದನ್ನು ಉಳಿಸಲು ಹೆಣಗಬೇಕೋ, ನೋವಿಲ್ಲದ ಸಾವು ಕೊಡಬೇಕೋ ಎಂಬ ಪ್ರಶ್ನೆಯಲ್ಲಿ ಕರುಣೆ ಎರಡೂ ಕಡೆ ಇದೆ. ಅದಕ್ಕೇ ಇದು ಕಷ್ಟದ ಪ್ರಶ್ನೆ. ಬೆಂಗಳೂರು, ದೆಹಲಿಯಂಥ ಊರುಗಳಲ್ಲಿ ಇದು ಮತ್ತೆ ಮತ್ತೆ ಏಳುವುದು ಕರಿ ಹದ್ದಿನ ವಿಷಯದಲ್ಲಿ. ಗಾಜಿನ ಪುಡಿ ಬಳಿದ ಮಾಂಜಾ ದಾರಕ್ಕೆ ಸಿಕ್ಕಿ ನೆಲಕ್ಕೆ ಬೀಳುವ ಹಕ್ಕಿ ಅದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನೈಲಾನ್ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತು. ಆದರೂ ಆಷಾಢದ ಗಾಳಿಗೆ ಪಟ ಏರಿಸುವ ಕಾಲ ಮುಗಿದ ಮೇಲೂ ಕಡಿದುಹೋದ ದಾರ ಕೊಂಬೆಗಳಲ್ಲಿ, ಕರೆಂಟು ತಂತಿಗಳಲ್ಲಿ ನೇತಾಡುತ್ತಲೇ ಇರುತ್ತದೆ. ನೈಲಾನ್ ಮಳೆಗೆ ಕೊಳೆಯುವುದಿಲ್ಲ.

ಗಾಯವನ್ನು ಹತ್ತಿರದಿಂದ ನೋಡದೆ ಈ ಚರ್ಚೆ ಮುಂದೆ ಸಾಗದು. ಹದ್ದು ರೆಕ್ಕೆ ಬಿಚ್ಚಿದಾಗ ಭುಜದಿಂದ ಮಣಿಕಟ್ಟಿನವರೆಗೆ ತೆಳ್ಳನೆಯ ಚರ್ಮ ಬಿಗಿಯಾಗಿ ಹರಡಿಕೊಳ್ಳುತ್ತದೆ. ಅದರ ಮುಂದಂಚಿನ ಉದ್ದಕ್ಕೂ ಒಂದು ಸ್ನಾಯುರಜ್ಜು ಹಾದುಹೋಗುತ್ತದೆ. ಹಾರುವಾಗ ಗಾಳಿಯನ್ನು ಸೀಳುವುದು ಈ ಅಂಚು, ಮಾಂಜಾ ಕೊಯ್ಯುವುದೂ ಇದನ್ನೇ. ಚರ್ಮ ಮಾತ್ರ ಹರಿದಿದ್ದರೆ ಹೊಲಿಗೆ ಹಾಕಿ ಕಾಯಬಹುದು. ರಜ್ಜು ತುಂಡಾಗಿ, ಮೂಳೆ ಹೊರಬಂದು ಒಣಗಿ, ಗಾಯದಲ್ಲಿ ಹುಳು ಬಿದ್ದಿದ್ದರೆ ಆ ರೆಕ್ಕೆ ಮತ್ತೆ ಪೂರ್ತಿ ಬಿಚ್ಚೀತೆಂಬ ಆಸೆ ಬಹುತೇಕ ಇಲ್ಲ. ಹಕ್ಕಿಯ ಮೂಳೆ ಬೇಗ ಕೂಡುತ್ತದೆ, ಸಾಮಾನ್ಯವಾಗಿ ಮೂರ್ನಾಲ್ಕು ವಾರದಲ್ಲಿ. ಆದರೆ ಕೀಲಿನ ಹತ್ತಿರವೇ ಮುರಿದಿದ್ದರೆ ಮೂಳೆ ಕೂಡಿದರೂ ಕೀಲು ಬಿಗಿದುಕೊಂಡುಬಿಡುತ್ತದೆ. ವಿದ್ಯುತ್ ತಗುಲಿದ ಹಕ್ಕಿ ಮೊದಲ ದಿನ ಗಟ್ಟಿಮುಟ್ಟಾಗಿಯೇ ಕಾಣಬಹುದು, ಕೆಲವು ದಿನಗಳಲ್ಲಿ ರೆಕ್ಕೆಯ ತುದಿ ಒಣಗಿ ಕಪ್ಪಾಗುತ್ತದೆ. ಮೇಲಾಗಿ ಕಾಡುಹಕ್ಕಿ ತನ್ನ ನೋವನ್ನು ತೋರಗೊಡುವುದಿಲ್ಲ. ಪೆಟ್ಟಿಗೆಯಲ್ಲಿ ಸುಮ್ಮನೆ ಕೂತ ಹದ್ದನ್ನು ಕಂಡು ಅದು ಹಾಯಾಗಿದೆ ಎಂದುಕೊಳ್ಳುವುದು ದೊಡ್ಡ ತಪ್ಪು.

ಏನೇ ಆದರೂ ಜೀವ ತೆಗೆಯಬಾರದು ಎಂಬ ನಿಲುವಿಗೆ ಈ ನೆಲದಲ್ಲಿ ಆಳವಾದ ಬೇರಿದೆ. ದೆಹಲಿಯ ಕೆಂಪುಕೋಟೆಯ ಎದುರಿನ ಜೈನ ಲಾಲ್ ಮಂದಿರದ ಹಕ್ಕಿ ಆಸ್ಪತ್ರೆ ದಶಕಗಳಿಂದ ಈ ನಂಬಿಕೆಯ ಮೇಲೆ ನಡೆದುಬಂದಿದೆ. ಆದರೆ ಹದ್ದುಗಳು ಮಾಂಸಾಹಾರಿಗಳೆಂದು ಅಲ್ಲಿ ಅವನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುವುದಿಲ್ಲ. ಹೀಗೆ ಅಲ್ಲಿ ಜಾಗ ಸಿಗದ ದೆಹಲಿಯ ಹದ್ದುಗಳಿಗೆ ತಮ್ಮ ಮನೆಯಲ್ಲೇ ಚಿಕಿತ್ಸೆ ಕೊಡತೊಡಗಿದ ಸಹೋದರರ ಕಥೆಯೇ ಶೌನಕ್ ಸೇನ್ ಅವರ 2022ರ ಸಾಕ್ಷ್ಯಚಿತ್ರ ‘ಆಲ್ ದಟ್ ಬ್ರೀದ್ಸ್’.

ಈ ನಿಲುವನ್ನು ಅಹಿಂಸೆಯ ಒಳಗಿನಿಂದಲೇ ಪ್ರಶ್ನಿಸಿದವರು ಗಾಂಧೀಜಿ. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಗುಣವಾಗದ ಸ್ಥಿತಿಯಲ್ಲಿ ನರಳುತ್ತಿದ್ದಾಗ ಅದಕ್ಕೆ ವಿಷದ ಚುಚ್ಚುಮದ್ದು ಕೊಡಿಸಿದರು. ಊರೆಲ್ಲ ಟೀಕಿಸಿತು. ನರಳುವ ಜೀವದ ಹಿತಕ್ಕಾಗಿಯೇ ಕೈಯೆತ್ತಿದರೆ, ಶಸ್ತ್ರವೈದ್ಯನ ಕತ್ತಿಯಂತೆ, ಅದು ಹಿಂಸೆಯಲ್ಲ ಎಂಬುದು ಲೇಖನವೊಂದರಲ್ಲಿ ಅವರು ಕೊಟ್ಟ ಉತ್ತರ. ಅದೇ ಲೇಖನದಲ್ಲಿ ಬೆಳೆ ಹಾಳುಮಾಡುವ ಕೋತಿಗಳ ವಿಷಯವನ್ನೂ ಎತ್ತಿಕೊಂಡು, ಅವನ್ನು ಕೊಲ್ಲುವುದು ಮಾತ್ರ ಹಿಂಸೆಯೇ ಎಂದು ಒಪ್ಪಿಕೊಂಡರು. ಅಲ್ಲಿರುವುದು ಕೊಲ್ಲುವವನ ಹಿತ. ಕರುವಿನ ಪ್ರಸಂಗ ಎಲ್ಲರಿಗೂ ನೆನಪಿದೆ, ಕೋತಿಗಳ ಮಾತು ಮರೆತುಹೋಗಿದೆ. ಹದ್ದಿನ ವಿಷಯದಲ್ಲಿ ಹೆಚ್ಚು ಬೇಕಾದದ್ದು ಈ ಎರಡನೆಯದು. ಪಂಜರ ಖಾಲಿಯಿಲ್ಲ, ಆರೈಕೆಗೆ ಪುರಸೊತ್ತಿಲ್ಲ, ಹದ್ದುಗಳಿಗೇನು ಬರವೇ ಎಂದು ಚುಚ್ಚುಮದ್ದು ಕೊಟ್ಟರೆ ಅದು ಕೋತಿಯ ಲೆಕ್ಕಕ್ಕೇ ಸೇರುತ್ತದೆ.

ಗಾಂಧೀಜಿಯ ವಾದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ: ಹಕ್ಕಿಗೆ ಸಾವು ಬೇಕೆಂದು ಹೇಳಿದವರು ಯಾರು? ಶ್ರವಣಬೆಳಗೊಳದ ಶಾಸನಗಳು ದಾಖಲಿಸುವ ಸಲ್ಲೇಖನವನ್ನು, ಅಂದರೆ ಆಹಾರ ತೊರೆದು ಸಾವನ್ನು ಎದುರುಗೊಳ್ಳುವುದನ್ನು, ಜೈನ ಧರ್ಮ ಆತ್ಮಹತ್ಯೆಯೆಂದು ಕಾಣುವುದಿಲ್ಲ. ಅದು ವ್ರತಿ ತಿಳಿದು, ತಾನೇ ಕೈಗೊಳ್ಳುವ ವ್ರತ. ಹಕ್ಕಿಯಿಂದ ಅಂಥ ಒಪ್ಪಿಗೆ ಸಿಗುವಂತಿಲ್ಲ. ಇದು ಅವಸರದ ಕೈಯನ್ನು ತಡೆಯಲೇಬೇಕಾದ ಮಾತು. ಆದರೆ ಪಂಜರಕ್ಕೂ ಹಕ್ಕಿ ಒಪ್ಪಿಗೆ ಕೊಟ್ಟಿರುವುದಿಲ್ಲ. ಹಾರಲಾರದ ಹದ್ದನ್ನು ವರ್ಷಗಟ್ಟಲೆ ಜಾಲರಿಯ ಹಿಂದೆ ಇಡುವುದೂ ಅದರ ಪರವಾಗಿ ಮನುಷ್ಯ ಮಾಡಿದ ಆಯ್ಕೆಯೇ. ಹಕ್ಕಿಯನ್ನು ಕೈಗೆತ್ತಿಕೊಂಡ ಕ್ಷಣದಿಂದ ಏನನ್ನೂ ನಿರ್ಧರಿಸದೆ ಉಳಿಯುವ ದಾರಿ ಮುಚ್ಚಿಹೋಗಿರುತ್ತದೆ.

ಹಾಗಾದರೆ ಹದ್ದಿನ ಹಿತವನ್ನು ಅಳೆಯಬೇಕಾದದ್ದು ಅದರ ಬದುಕಿನಿಂದಲೇ. ಗಂಟೆಗಟ್ಟಲೆ ರೆಕ್ಕೆ ಬಡಿಯದೆ ಬಿಸಿಗಾಳಿಯ ಮೇಲೆ ತೇಲುವುದು, ಎರಗಿ ಕಾಲಿನಿಂದ ಆಹಾರ ಕಿತ್ತುಕೊಂಡು ಹಾರುತ್ತಲೇ ತಿನ್ನುವುದು ಅದರ ದಿನಚರಿ. ಬಯಲಲ್ಲಿ ಬೆಳೆದ ವಯಸ್ಕ ಹದ್ದಿಗೆ ಮನುಷ್ಯ ಹತ್ತಿರ ಬಂದಾಗಲೆಲ್ಲ ಭಯ. ಮಾಂಸದ ತುಣುಕು ಹಿಡಿದ ಕೈಯೂ ಅದಕ್ಕೆ ಶತ್ರುವಿನ ಕೈಯೇ. ಜಾಲರಿಗೆ ಬಡಿದು ಗರಿ ಮುರಿಯುತ್ತದೆ, ಕೂತಲ್ಲೇ ಕೂತು ಅಂಗಾಲು ಬಾತು ಹುಣ್ಣಾಗುತ್ತದೆ. ಒಂದು ಕಾಲು ಹೋದದ್ದಾದರೆ ಉಳಿದ ಕಾಲಿಗೆ ಈ ಹುಣ್ಣು ಇನ್ನೂ ಬೇಗ. ಇದನ್ನು ಜೀವ ಉಳಿಸಿದ್ದು ಎಂದು ಕರೆದು ನೆಮ್ಮದಿ ಪಡುವವನು ಉಳಿಸಿಕೊಂಡದ್ದು ತನ್ನ ನೆಮ್ಮದಿಯನ್ನು. ಆಕಾಶಕ್ಕೆ ಮರಳುವ ದಾರಿ ನಿಜಕ್ಕೂ ಇಲ್ಲದ ವಯಸ್ಕ ಹದ್ದಿಗೆ ನೋವಿಲ್ಲದ ಸಾವೇ ಸಲ್ಲಬೇಕಾದ ದಯೆ. ಇದನ್ನು ಎಲ್ಲ ಹಕ್ಕಿಗಳಿಗೂ ಅನ್ವಯಿಸುವಂತಿಲ್ಲ: ಗಿಳಿಯೊಂದು ಹಾರಲಾಗದಿದ್ದರೂ ತನ್ನ ಜಾತಿಯ ಜೊತೆಗಾರರ ನಡುವೆ ದೊಡ್ಡ ಆವರಣದಲ್ಲಿ ಸಹಿಸಬಹುದಾದ ಬದುಕು ನಡೆಸೀತು.

ಗಾಯ ಮಾಡಿದ್ದು ಮನುಷ್ಯನೇ, ಆದ್ದರಿಂದ ಉಳಿಸಲೇಬೇಕು ಎಂಬ ವಾದವೂ ಉಂಟು. ಇದರಲ್ಲಿ ಅರ್ಧ ಸತ್ಯವಿದೆ. ಮಾಂಜಾದ ಪಾಪ ಮನುಷ್ಯನ ಮೇಲಿರುವುದರಿಂದ ಎಕ್ಸ್‌ರೇ, ಶಸ್ತ್ರಚಿಕಿತ್ಸೆ, ವಾರಗಳ ಆರೈಕೆಗೆ ಕೈ ಬಿಗಿಹಿಡಿಯಬಾರದು. ಆದರೆ ಸಾಲ ಮನುಷ್ಯನದು. ಹಕ್ಕಿಯ ನೋವನ್ನು ಲಂಬಿಸಿ ಅದನ್ನು ತೀರಿಸಲಾಗದು.

ತೀರ್ಮಾನ ಹಕ್ಕಿ ಕಂಡವರದಲ್ಲ. ಅವರು ಮಾಡಬೇಕಾದದ್ದು ಇಷ್ಟೇ: ಬಟ್ಟೆ ಮುಚ್ಚಿ ಎತ್ತಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲಲ್ಲಿ ಸದ್ದಿಲ್ಲದೆ ಇರಗೊಟ್ಟು, ಕೊಕ್ಕಿಗೆ ನೀರು ಸುರಿಯದೆ ವನ್ಯಜೀವಿ ವೈದ್ಯರಿಗೆ ಮುಟ್ಟಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಂತೆ ಸರ್ಕಾರದ ಸ್ವತ್ತಾದ ವನ್ಯಜೀವಿ ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಬೇಕು. ಕೀಲು, ರಜ್ಜು, ಎಕ್ಸ್‌ರೇ ನೋಡಿ ಹೇಳಬೇಕಾದವರು ವೈದ್ಯರು. ಸಂದೇಹವಿದ್ದರೆ ನೋವುಶಮನ ಕೊಟ್ಟು ಕಾಯಬೇಕು, ಇಲ್ಲದಿದ್ದರೆ ಕಾಯಿಸಬಾರದು. ಅರಿವಳಿಕೆ ಕೊಟ್ಟು ಪ್ರಜ್ಞೆ ತಪ್ಪಿಸಿದ ಮೇಲೆಯೇ ಕೊನೆಯ ಚುಚ್ಚುಮದ್ದು. ಗುಣವಾಗದಷ್ಟು ಅಂಗವಿಕಲವಾದ ಅಥವಾ ರೋಗಪೀಡಿತವಾದ ವನ್ಯಜೀವಿಯನ್ನು ಕೊಲ್ಲಲು ಕಾಯ್ದೆಯ 11ನೇ ಕಲಮು ಅವಕಾಶ ಕೊಡುತ್ತದೆ; ಆದರೆ ಅನುಮತಿ ಲಿಖಿತವಾಗಿರಬೇಕು, ಅದರಲ್ಲಿ ಕಾರಣ ಬರೆದಿರಬೇಕು.