ಕುರುವಿನ ಲೆಕ್ಕ

ಮಾವಿನ ಕಾಲ ಬಂತೆಂದರೆ ಮನೆಯಲ್ಲಿ ಒಬ್ಬರಿಗಾದರೂ ಕುರು ಏಳುತ್ತದೆ. ‘ಉಷ್ಣ ಆಗಿದೆ’ ಎಂದು ಹಿರಿಯರು ಮಾತು ಮುಗಿಸುತ್ತಾರೆ. ಪಾಪ, ಹಣ್ಣಿಗೆ ಬರುವ ಈ ಅಪವಾದ ಅಷ್ಟೇನೂ ನ್ಯಾಯವಾದದ್ದಲ್ಲ. ಕೀವುಗಟ್ಟುವ ಕುರುವಿಗೆ ಬಹುಮಟ್ಟಿಗೆ ಕಾರಣ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನೊಳಗೆ ಅದು ಯಾರಿಗೂ ತೊಂದರೆ ಕೊಡದೆ ವಾಸವಾಗಿರುತ್ತದೆ. ಚರ್ಮ ಎಲ್ಲಾದರೂ ತರಚಿದರೆ ಒಳಗಿಳಿಯುತ್ತದೆ.

1928ರಲ್ಲಿ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ ತಟ್ಟೆಯಲ್ಲಿ ಬೆಳೆಸುತ್ತಿದ್ದುದು ಇದೇ ಬ್ಯಾಕ್ಟೀರಿಯಾವನ್ನು. ಆ ತಟ್ಟೆಗೆ ಬಿದ್ದ ಬೂಷ್ಟು ಅದನ್ನು ಕೊಂದದ್ದರಿಂದಲೇ ಪೆನಿಸಿಲಿನ್ ನಮಗೆ ದಕ್ಕಿತು. ಔಷಧ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಾಯಿತು. ಆಮೇಲೆ ಬಂದ ಮೆಥಿಸಿಲಿನ್‌ಗೂ ಜಗ್ಗದ ತಳಿ 1961ರಲ್ಲಿ ಬ್ರಿಟನ್ನಿನಿಂದ ವರದಿಯಾಯಿತು. ಇದೆಲ್ಲ ಆಸ್ಪತ್ರೆಯೊಳಗಿನ ಪಿಡುಗು ಎಂದು ಲೋಕ ಬಹುಕಾಲ ನಂಬಿತ್ತು. ಆದರೆ 1997ರಿಂದ 1999ರ ನಡುವೆ ಅಮೆರಿಕದ ಮಿನೆಸೋಟಾ ಮತ್ತು ನಾರ್ತ್ ಡಕೋಟಾಗಳಲ್ಲಿ ನಾಲ್ಕು ಮಕ್ಕಳು ಈ ಸೋಂಕಿನಿಂದ ತೀರಿಕೊಂಡರು. ಯಾರೂ ಆಸ್ಪತ್ರೆಯಲ್ಲಿ ಮಲಗಿ ಬಂದವರಲ್ಲ, ಮೊದಲು ಕೊಟ್ಟ ಔಷಧ ಅವರಿಗೆ ನಾಟಲಿಲ್ಲ. 2003ರಲ್ಲಿ ಅದೇ ದೇಶದ ಸೇಂಟ್ ಲೂಯಿ ರ‍್ಯಾಮ್ಸ್ ಎಂಬ ಫುಟ್ಬಾಲ್ ತಂಡದ ಆಟಗಾರರಿಗೂ ಇದು ತಗುಲಿತು. ಕೃತಕ ಹುಲ್ಲಿನ ಮೇಲೆ ಬಿದ್ದು ತರಚಿದ ಗಾಯಗಳೇ ಅದಕ್ಕೆ ಬಾಗಿಲಾದವು. ತನಿಖೆಗೆ ಹೋದವರು ಅಲ್ಲಿ ಕಂಡ ಸಂಗತಿಗಳಲ್ಲಿ ಒಂದು, ಒಬ್ಬರ ಟವೆಲ್ಲನ್ನು ಇನ್ನೊಬ್ಬರು ಬಳಸುತ್ತಿದ್ದುದು. ಕೋಟಿಗಟ್ಟಲೆ ಸಂಪಾದಿಸುವವರಲ್ಲೂ ಟವೆಲ್ಲಿನ ವಿಷಯದಲ್ಲಿ ಕೂಡುಕುಟುಂಬದ ಧಾರಾಳ!

ಬ್ಯಾಕ್ಟೀರಿಯಾ ಹೀಗೆ ಔಷಧಕ್ಕೆ ಬಗ್ಗದಾಗುವುದನ್ನು ಫ್ಲೆಮಿಂಗ್ ಮೊದಲೇ ಕಂಡಿದ್ದರು. 1945ರ ನೊಬೆಲ್ ಭಾಷಣದಲ್ಲಿ ಅವರೊಂದು ಕಲ್ಪಿತ ಸಂಸಾರದ ಕಥೆ ಹೇಳಿದರು. ಗಂಡನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ನುಂಗುತ್ತಾನೆ. ಸಾಯದೆ ಉಳಿದ ಬ್ಯಾಕ್ಟೀರಿಯಾ ಔಷಧವನ್ನು ಎದುರಿಸಲು ಕಲಿಯುತ್ತದೆ, ಹೆಂಡತಿಗೆ ಅಂಟುತ್ತದೆ. ಆಕೆಗೆ ನ್ಯುಮೋನಿಯಾ ಆದಾಗ ಅದೇ ಔಷಧ ಫಲಿಸುವುದಿಲ್ಲ, ಆಕೆ ಸಾಯುತ್ತಾಳೆ. ಸತ್ತದ್ದು ಸಾಲದಷ್ಟು ಔಷಧ ನುಂಗಿದವನಲ್ಲ ಎಂಬುದೇ ಈ ಕಥೆಯ ಕ್ರೌರ್ಯ. ಅಜಾಗ್ರತೆ ಒಬ್ಬರದು, ಕರ್ಮಫಲ ಪಕ್ಕದವರದು. ‘ನನ್ನ ಮೈ, ನನ್ನ ಮಾತ್ರೆ’ ಎನ್ನುವ ಮಾತು ಆ್ಯಂಟಿಬಯಾಟಿಕ್ ವಿಷಯದಲ್ಲಿ ನಿಲ್ಲುವುದಿಲ್ಲ.

ನಮ್ಮಲ್ಲಿ ಹಲವು ಆ್ಯಂಟಿಬಯಾಟಿಕ್ ಸ್ಟ್ರಿಪ್‌ಗಳ ಮೇಲೆ ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು ಎಂಬುದು ಅದರ ಅರ್ಥ. ಆದರೂ ಮೆಡಿಕಲ್ ಶಾಪಿನ ಕಟ್ಟೆಗೆ ಮೊಣಕೈ ಊರಿ ‘ಕುರುವಿಗೆ ಎರಡು ಮಾತ್ರೆ ಕೊಡಪ್ಪ’ ಎನ್ನುವ ಅಭ್ಯಾಸ ಹೋಗಿಲ್ಲ. ಎಷ್ಟೋ ಕುರುಗಳಿಗೆ ಮಾತ್ರೆಗಿಂತ ವೈದ್ಯರು ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ. ಮನೆಯಲ್ಲಿ ಅದನ್ನು ಹಿಸುಕಬೇಡಿ. ಗಾಯಕ್ಕೆ ಶುಭ್ರವಾದ ಬಟ್ಟೆ ಕಟ್ಟಿ, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. ರೇಜರ್ ಅವರವರದೇ ಇರಲಿ. ಬಚ್ಚಲ ಮನೆಯ ಗೂಟಕ್ಕೆ ಇವತ್ತೇ ಇನ್ನೊಂದು ಟವೆಲ್ ಹಾಕಿ.