ನಿದ್ದೆಗೆ ರೇಟು ಎಷ್ಟು?

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ರಾತ್ರಿ ಎದ್ದಿರೋದು ಹೊಸದಲ್ಲ. ಹೊಗೆಸೊಪ್ಪು ಬ್ಯಾರನ್ನಿಗೆ ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ನೋಡಿಕೊಳ್ಳಬೇಕು. ಶಾಖ ಹೆಚ್ಚುಕಮ್ಮಿಯಾದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಆನೆಗೆ ಹೆದರಿ ಅಟ್ಟಣೆ ಮೇಲೆ ಕಾಯ್ತಾರೆ. ಅಪ್ಪನ ಜೊತೆ ಬ್ಯಾರನ್ನಿಗೆ ಸೌದೆ ಒಟ್ಟುತ್ತಾ ನಾನೂ ಕೂತವನೇ. ಆದರೆ ಆ ರಾತ್ರಿಗಳಿಗೊಂದು ಕೊನೆ ಇತ್ತು. ಸೊಪ್ಪು ಇಳಿಸಿದ ಮೇಲೆ ಅಪ್ಪ ಹಗಲೆಲ್ಲ ಮಲಗಿದರೂ ಯಾರೂ ಎಬ್ಬಿಸುತ್ತಿರಲಿಲ್ಲ.

ಈಗ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಗೇಟಲ್ಲಿ ಕೆ.ಆರ್. ನಗರದ ಕಡೆಯವರೊಬ್ಬರು ಸೆಕ್ಯುರಿಟಿ. ರಾತ್ರಿ 8ರಿಂದ ಬೆಳಗ್ಗೆ 8. ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ, ಹಾಗಾಗಿ ಹಾಕೋದೇ ಇಲ್ಲ. ಒಂದಿನ ಡಿಪ್ಲಾಯ್‌ಮೆಂಟ್ ಮುಗಿಸಿ 2 ಗಂಟೆಗೆ ಬಂದಾಗ ಮಾತಿಗೆ ನಿಂತೆ. "ಬಿಪಿ ಮಾತ್ರೆ ಕೊಟ್ಟವ್ರೆ ಸಾ. ಚೆನ್ನಾಗಿ ನಿದ್ದೆ ಮಾಡಿ ಅಂದ್ರು ಡಾಕ್ಟ್ರು" ಅಂತ ನಕ್ಕರು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ನಮ್ಮ ಗೇಟಿನವರದ್ದು ವಾರಕ್ಕೆ 84 ಗಂಟೆ. ಅದೂ ರಾತ್ರಿ.

ಕಳೆದ ಮೀಟಿಂಗಿನಲ್ಲಿ ಒಬ್ಬರು, ಇನ್ನೊಬ್ಬರನ್ನು ಸೇರಿಸಿ 8 ಗಂಟೆಯ ಮೂರು ಪಾಳಿ ಮಾಡೋಣ ಅಂದರು. ತಿಂಗಳಿಗೆ ಮನೆಗೆ ಮುನ್ನೂರು ಚಿಲ್ಲರೆ ರೂಪಾಯಿ ಹೆಚ್ಚಾಗುತ್ತಿತ್ತು. "ಅವರೇ ಒಪ್ಪಿ ಬಂದಿದ್ದಾರಲ್ಲ, ಬಲವಂತ ಎಲ್ಲಿದೆ?" ಅಂದರು ಇನ್ನೊಬ್ಬರು. ನಾನು ಕೈ ಎತ್ತಲಿಲ್ಲ. ಮುನ್ನೂರು ರೂಪಾಯಿಗೆ ನಮ್ಮ ಮನೆಯಲ್ಲಿ ಒಂದು ಪಿಜ್ಜಾನೂ ಬರಲ್ಲ.

ಒಪ್ಪಿಗೆಯ ಮಾತು ಮಾತ್ರ ತಲೆಯಲ್ಲೇ ಉಳೀತು. ಅವರನ್ನೇ ಕೇಳಿದೆ. "ಎಂಟು ಗಂಟೆ ಮಾಡಿ ಸಂಬಳ ಇಳಿಸ್ತಾರೆ, ಬ್ಯಾಡಿ ಸಾ" ಅಂದರು. ಹೌದು, ಒಪ್ಪಿಗೆ ಇದೆ. ಆದರೆ ಬೇಡ ಅಂದರೆ ಒಲೆ ಹತ್ತದವನು ಕೊಟ್ಟ ಒಪ್ಪಿಗೆಯನ್ನು ನನ್ನ ಪರವಾದ ಸಾಕ್ಷಿ ಅಂತ ಹೇಗೆ ತೋರಿಸಲಿ? ದುಡಿದ ದಣಿವನ್ನು ಮನುಷ್ಯ ನಿದ್ದೆಯಲ್ಲಿ ತೀರಿಸಿಕೊಳ್ತಾನೆ. ನಾವು ಆ ನಿದ್ದೆಯನ್ನೇ ಕೊಂಡುಬಿಟ್ಟರೆ ಅವನು ತೀರಿಸಿಕೊಳ್ಳೋದು ಎಲ್ಲಿ?

ಮುಂದಿನ ತಿಂಗಳು ಮತ್ತೆ ಮೀಟಿಂಗ್ ಇದೆ. ಸಂಬಳ ಇಳಿಸದೆ ಮೂರು ಪಾಳಿ, ವಾರಕ್ಕೊಂದು ಸಂಬಳದ ರಜೆ ಅಂತ ಈ ಸಲ ನಾನೇ ಬರೆದುಕೊಟ್ಟಿದ್ದೇನೆ.