ಅಚೌರ್ಯವ್ರತವೂ ವಿಮಾ ಏಜೆಂಟರ ವೃತ್ತಿಯೂ

ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಪರರ ಒಡವೆಗೆ ಕೈಚಾಚಲಾರನೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ನಮ್ಮ ಆಚಾರ್ಯರು ಚೌರ್ಯವನ್ನು ‘ಅದತ್ತಾದಾನ’ವೆಂದು ಕರೆದಿದ್ದಾರೆ. ಕೊಡದುದನ್ನು ತೆಗೆದುಕೊಳ್ಳುವುದು ಎಂದು ಇದರ ಅರ್ಥ. ವಸ್ತು ಯಾವುದೆಂಬುದಕ್ಕಿಂತ, ಅದು ಕೊಡಲ್ಪಟ್ಟಿತೇ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು. ನಮ್ಮಲ್ಲಿ ಅನೇಕ ಕುಟುಂಬಗಳಿಗೆ ಸಂಬಂಧಿಸಿದ ವಿಮಾ ವೃತ್ತಿಯಲ್ಲಿ ಈ ಪ್ರಶ್ನೆ ಹೇಗೆ ತಲೆದೋರುತ್ತದೆಂಬುದನ್ನು ವಿಚಾರಿಸೋಣ.

1956ರಲ್ಲಿ ಜೀವ ವಿಮಾ ನಿಗಮವು ಸ್ಥಾಪನೆಯಾದ ಮೇಲೆ ಹಲವು ದಶಕಗಳ ಕಾಲ ಮೈಸೂರಿನಂತಹ ಊರಿನಲ್ಲಿ ಏಜೆಂಟರೆಂದರೆ ಮನೆಯವರಂತೆಯೇ ಇದ್ದರು. ಅಶೋಕ ರಸ್ತೆಯ ವರ್ತಕನಿಗೂ ಬಡಾವಣೆಯ ಉಪಾಧ್ಯಾಯನಿಗೂ ಕಂತಿನ ದಿನವನ್ನು ನೆನಪಿಸುವವರು ಅವರೇ. 2000ನೆಯ ಇಸವಿಯಿಂದ ಖಾಸಗಿ ಕಂಪನಿಗಳು ಬಂದವು. 2011ರ ಅಕ್ಟೋಬರ್ 1ರಿಂದ ಆರೋಗ್ಯ ವಿಮೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳುವ ಅವಕಾಶವೂ ಒದಗಿತು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಿರಿಯರಿಗೆ ಮೆಡಿಕೇರ್ ಯೋಜನೆಗಳನ್ನು ಬದಲಿಸಿಕೊಳ್ಳಲು ಪ್ರತಿವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಅವಧಿಯಿರುವಂತೆ, ಇಲ್ಲಿ ಪಾಲಿಸಿಯ ನವೀಕರಣದ ಕಾಲವು ಅಂತಹ ಅವಧಿಯಾಗಿದೆ. ಹೀಗಾಗಿ ಒಬ್ಬ ಏಜೆಂಟನು ಇಪ್ಪತ್ತು ವರ್ಷ ನೋಡಿಕೊಂಡ ಮನೆಗೆ ಮತ್ತೊಬ್ಬನು ಬಂದು, ‘ಇನ್ನು ಮುಂದೆ ನಾನು ನೋಡಿಕೊಳ್ಳುತ್ತೇನೆ’ ಎನ್ನುವುದು ಸಾಮಾನ್ಯವಾಗಿದೆ. ಇದು ಚೌರ್ಯವೇ?

‘ನನ್ನ ಪಾಲಿಸಿದಾರರನ್ನು ಕದ್ದರು’ ಎಂದು ಹಳೆಯ ಏಜೆಂಟನು ನೊಂದುಕೊಳ್ಳುವುದು ಸಹಜ. ಆದರೆ ಪಾಲಿಸಿದಾರನು ಹೊಲವಲ್ಲ, ಹಸುವಲ್ಲ. ಮನುಷ್ಯನನ್ನು ‘ನನ್ನವನು’ ಎಂದು ಲೆಕ್ಕಕ್ಕೆ ಹಿಡಿಯುವುದೇ ಒಂದು ಬಗೆಯ ಪರಿಗ್ರಹ. ಸೇವೆಯಲ್ಲಿ ಉದಾಸೀನನಾದ ಏಜೆಂಟನನ್ನು ಬಿಟ್ಟು ಶ್ರದ್ಧೆಯುಳ್ಳವನನ್ನು ಆಶ್ರಯಿಸುವ ಸ್ವಾತಂತ್ರ್ಯ ಗೃಹಸ್ಥನಿಗೆ ಉಂಟು. ಆದುದರಿಂದ ಪಾಲಿಸಿದಾರನು ಕೈಬದಲಾಯಿಸಿದ ಮಾತ್ರಕ್ಕೆ ಹೊಸ ಏಜೆಂಟನು ಕಳ್ಳನಾಗಲಾರನು.

ಇಷ್ಟಕ್ಕೇ ವಿಚಾರ ಮುಗಿಯುವುದಿಲ್ಲ. ಪಾಲಿಸಿದಾರನು ತನ್ನ ವಿಶ್ವಾಸವನ್ನು ತಾನೇ ಕೊಡಬೇಕು. ತಿಳಿದು ಕೊಟ್ಟಾಗ ಮಾತ್ರ ಅದು ಕೊಟ್ಟಂತೆ. ಸತ್ಯವನ್ನು ಮರೆಮಾಡಿ ಪಡೆದ ಒಪ್ಪಿಗೆಯು ಒಪ್ಪಿಗೆಯ ರೂಪದಲ್ಲಿರುವ ಅದತ್ತವೇ ಸರಿ. ಶಾಸ್ತ್ರಗಳು ಹೇಳುವ ಅತಿಚಾರಗಳನ್ನು ಇಲ್ಲಿ ಸ್ಮರಿಸಬೇಕು. ತೂಕ-ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಹೀನಾಧಿಕಮಾನೋನ್ಮಾನ. ಹೊಸ ಪಾಲಿಸಿಯ ಕಡಿಮೆ ಪ್ರೀಮಿಯಂ ತೋರಿಸಿ, ಕೊಠಡಿ ಬಾಡಿಗೆಯ ಮಿತಿಯನ್ನೂ ರೋಗಿಯು ತಾನೇ ಭರಿಸಬೇಕಾದ ಪಾಲನ್ನೂ ಹೇಳದಿರುವುದು ಇದರಿಂದ ಭಿನ್ನವೇ? ಕೃತಕವನ್ನು ಅಸಲಿನಂತೆ ಮಾರುವುದು ಪ್ರತಿರೂಪಕ ವ್ಯವಹಾರ. ವರ್ಗಾವಣೆಯಲ್ಲಿ ಹಳೆಯ ವಿಮಾ ಮೊತ್ತದವರೆಗೆ ಮಾತ್ರ ಕಳೆದ ಕಾಯುವ ಅವಧಿಯ ಲಾಭ ದೊರೆಯುತ್ತದೆ. ಹೆಚ್ಚಿಸಿಕೊಂಡ ಮೊತ್ತಕ್ಕೆ ಹೊಸದಾಗಿ ಕಾಯಬೇಕು. ಹೊಸ ಕಂಪನಿಯು ಅರ್ಜಿಯನ್ನು ನಿರಾಕರಿಸಲೂಬಹುದು. ಇವನ್ನು ಮುಚ್ಚಿಟ್ಟು ‘ಎಲ್ಲವೂ ಮೊದಲಿನಂತೆಯೇ’ ಎನ್ನುವವನು ಈ ದೋಷಕ್ಕೆ ಗುರಿಯಾಗುತ್ತಾನೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದಾದ ಕೂಟಲೇಖಕ್ರಿಯೆ ಇನ್ನೂ ಭಯಂಕರವಾದುದು. ಅರ್ಜಿಯು ಸ್ವೀಕೃತವಾಗಲೆಂದು ಮಧುಮೇಹ, ರಕ್ತದೊತ್ತಡಗಳನ್ನು ಪ್ರಸ್ತಾವನಾ ಪತ್ರದಲ್ಲಿ ಬರೆಯದೆ ಬಿಟ್ಟರೆ, ಏಜೆಂಟನಿಗೆ ಕಮಿಷನ್ ಆ ವರ್ಷವೇ ಕೈಸೇರುತ್ತದೆ. ಫಲವು ಮಾತ್ರ ಆಸ್ಪತ್ರೆಯ ಬಾಗಿಲಿನಲ್ಲಿ ವೃದ್ಧ ದಂಪತಿಗಳ ಪಾಲಿಗೆ ಬರುತ್ತದೆ. ಅಲ್ಲಿ ಕಳುವಾದುದು ಹಣವೊಂದೇ ಅಲ್ಲ, ಹಿಂದಿನ ಪಾಲಿಸಿಯಡಿ ಅವರು ಕಾದು ಕಳೆದ ವರ್ಷಗಳೂ ಕೂಡ.

ಮತ್ತೊಂದು ಸೂಕ್ಷ್ಮ ಪ್ರಸಂಗವಿದೆ. ಏಜೆಂಟನು ತೀರಿಕೊಂಡರೆ ಅಥವಾ ವೃತ್ತಿಯನ್ನು ಬಿಟ್ಟರೆ ಉಳಿಯುವ ಪಾಲಿಸಿಗಳನ್ನು ವಿಮಾ ವಲಯದಲ್ಲಿ ‘ಅನಾಥ ಪಾಲಿಸಿ’ಗಳೆನ್ನುವರು. ಇವುಗಳ ಆರೈಕೆಗೆ ಇನ್ನೊಬ್ಬನು ಮುಂದಾಗುವುದು ಪುಣ್ಯದ ಕೆಲಸವೇ. ಆದರೆ ಜೀವ ವಿಮಾ ನಿಗಮದಲ್ಲಿ, ನಿಯಮಗಳಿಗೆ ಒಳಪಟ್ಟು, ಮೃತ ಏಜೆಂಟನ ನವೀಕರಣ ಕಮಿಷನ್ ಅವನ ಕುಟುಂಬಕ್ಕೆ ಸಲ್ಲುತ್ತಿರುತ್ತದೆ. ಹಳೆಯ ಪಾಲಿಸಿಯನ್ನು ನೋಡಿಕೊಂಡರೆ ಹೊಸಬನಿಗೆ ಲಾಭ ಅಲ್ಪ. ಅದನ್ನು ಸರೆಂಡರ್ ಮಾಡಿಸಿ ಹೊಸದನ್ನು ಬರೆಸಿದರೆ ಮೊದಲ ವರ್ಷದ ಕಮಿಷನ್ ಹಲವು ಪಟ್ಟು ಹೆಚ್ಚು. ಈ ಆಸೆಗೆ ಒಳಗಾದಾಗ ಪಾಲಿಸಿದಾರನಿಗೆ ಕಟ್ಟಿದ್ದರಲ್ಲಿ ನಷ್ಟ, ವಿಧವೆಗೆ ಬರುತ್ತಿದ್ದ ಆದಾಯದಲ್ಲಿ ನಷ್ಟ. ಇಬ್ಬರಿಗೂ ಕೇಡಾಗಿ ಮೂರನೆಯವನಿಗೆ ಮಾತ್ರ ಒಳಿತಾಗುವ ವ್ಯವಹಾರವನ್ನು ಅಹಿಂಸಾಧರ್ಮಿಯು ಹೇಗೆ ಒಪ್ಪಿಯಾನು?

ಬಸದಿ, ಮಂದಿರಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಹೊಣೆಯುಂಟು. ಸದಸ್ಯರು ಪೂಜೆ-ಪರ್ವಗಳ ಆಹ್ವಾನಕ್ಕಾಗಿ ಕೊಟ್ಟ ವಿಳಾಸ, ದೂರವಾಣಿಗಳನ್ನು ಪರಿಚಿತ ಏಜೆಂಟನ ಕೈಗಿಡುವುದು ಸಣ್ಣ ಉಪಕಾರವೆಂದು ತೋರಬಹುದು. ಆದರೆ ಅವು ಆ ಉದ್ದೇಶಕ್ಕಾಗಿ ಕೊಡಲ್ಪಟ್ಟವುಗಳಲ್ಲ. ವಾತ್ಸಲ್ಯವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಸಾಧರ್ಮಿಗಳೆಂಬ ಸಲಿಗೆಯನ್ನು ವ್ಯಾಪಾರದ ಮೆಟ್ಟಿಲಾಗಿಸಿದರೆ ಆ ಅಂಗಕ್ಕೇ ಊನ. ‘ನಿಮ್ಮ ಸಿಬ್ಬಂದಿಯ ವಿಮೆಯನ್ನು ನನಗೆ ವಹಿಸಿದರೆ ಕಮಿಷನ್ನಿನಲ್ಲಿ ಒಂದು ಭಾಗವನ್ನು ಜೀರ್ಣೋದ್ಧಾರಕ್ಕೆ ಕೊಡುವೆನು’ ಎನ್ನುವವರಿಂದಲೂ ಎಚ್ಚರವಾಗಿರಬೇಕು. ಪಾಲಿಸಿ ಮಾಡಿಸಲು ಕಮಿಷನ್ನಿನ ಪಾಲನ್ನು ಆಮಿಷವಾಗಿ ಕೊಡುವುದನ್ನೂ ಪಡೆಯುವುದನ್ನೂ 1938ರ ವಿಮಾ ಕಾಯಿದೆಯ 41ನೆಯ ಕಲಮು ನಿಷೇಧಿಸಿದೆ. 2015ರ ತಿದ್ದುಪಡಿಯು ದಂಡವನ್ನು ಹತ್ತು ಲಕ್ಷ ರೂಪಾಯಿಗಳವರೆಗೆ ಏರಿಸಿತು. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರ. ಜಿನಮಂದಿರದ ಕಲ್ಲಿಗೆ ಸಲ್ಲುವ ಹಣವಾದರೂ ಆ ದೋಷವು ತೊಳೆದುಹೋಗದು.

ಹಾಗಾದರೆ ವೃತ್ತಿನಿರತ ಶ್ರಾವಕನು ಏನು ಮಾಡಬೇಕು? ಹಳೆಯ ಪಾಲಿಸಿಯ ಗುಣಗಳನ್ನು ಮೊದಲು ಹೇಳಲಿ, ಅನಂತರ ತನ್ನದನ್ನು. ಬದಲಾವಣೆಯಿಂದ ಕಳೆದುಕೊಳ್ಳುವುದೇನೆಂಬುದನ್ನು ಬರೆದು ಕೊಡಲಿ. ಹಿಂದಿನ ಏಜೆಂಟನು ಬದುಕಿದ್ದರೆ ಅವನೊಡನೆ ಒಮ್ಮೆ ಮಾತನಾಡುವಂತೆ ಪಾಲಿಸಿದಾರನಿಗೆ ತಾನೇ ಸೂಚಿಸಲಿ. ಹಳೆಯದೇ ಮೇಲೆಂದು ಕಂಡುಬಂದರೆ ಹಾಗೆಂದೇ ತಿಳಿಸಿ ಹಿಂದಿರುಗಲಿ. ಹೀಗೆ ಹಿಂದಿರುಗಬಲ್ಲವನಿಗೆ ಒಂದು ವರ್ಷದ ಕಮಿಷನ್ ತಪ್ಪಿಹೋಗಬಹುದು. ಆದರೆ ಮುಂದೊಂದು ದಿನ ಆ ಮನೆಯವರು ತಾವಾಗಿಯೇ ಕರೆದು ವಹಿಸಿದಾಗ ಅವನು ಸ್ವೀಕರಿಸುವುದು ನಿಜವಾಗಿ ‘ದತ್ತ’ವಾದುದು. ಗಳಿಕೆಗೂ ವ್ರತಕ್ಕೂ ವಿರೋಧವಿಲ್ಲದ ದಾರಿ ಇದೇ.